ಮುಖ ನೋಡಿ ಮಣೆ ಹಾಕಬಾರದು
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಪತ್ತಿನ ಸಂಘ ನಮಗೆಲ್ಲ ದಾರಿ ತೋರಿತು. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಓಟು. ಸಾಲ ಕೊಡುವಾಗಲೂ ನಾವು ಹಾಗೆ ಸಮನಾಗಿ ಕಂಡೆವಾ?

ಒಮ್ಮೆ ವಿಧವೆ ತಾಯಿಯೊಬ್ಬರ ಎಮ್ಮೆ ಸಾಲದ ಅರ್ಜಿಯನ್ನು "ಗಂಡಸರಿಲ್ಲದ ಮನೆ, ಯಾರು ಕಟ್ತಾರೆ?" ಅಂತ ಬದಿಗಿಟ್ಟೆವು. ಅದೇ ದಿನ ಹಳೇ ಬಾಕಿಯಿದ್ದ ನಮ್ಮವರೊಬ್ಬರಿಗೆ ಮಂಜೂರು ಮಾಡಿದೆವು. ಆಮೇಲೆ ಲೆಡ್ಜರ್ ತೆಗೆದರೆ, ಆ ತಾಯಿ ಒಂದು ಕಂತೂ ತಪ್ಪಿಸಿರಲಿಲ್ಲ. ನಾಚಿಕೆಯಾಯಿತು. ಮುಂದಿನ ಸಭೆಯಲ್ಲೇ ಅವರಿಗೆ ಸಾಲ ಕೊಟ್ಟೆವು.

ಅಂದಿನಿಂದ ಮೊದಲು ಮರುಪಾವತಿ ಲೆಕ್ಕ, ಆಮೇಲೆ ಚರ್ಚೆ. ನೆಂಟರ ಅರ್ಜಿ ಬಂದರೆ ಆ ನಿರ್ದೇಶಕರು ಹೊರಗೆ. ತಿರಸ್ಕರಿಸಿದರೆ ಕಾರಣ ನಡಾವಳಿ ಪುಸ್ತಕದಲ್ಲಿ. ಮನಸ್ಸು ವಾಲೋದು ಸಹಜ, ತಕ್ಕಡಿ ವಾಲಬಾರದು.