ಆ ಕಪ್ಪೆಗಳು ಈಗ ಎಲ್ಲಿವೆ?



ಮೈಸೂರು ವಿಶ್ವವಿದ್ಯಾನಿಲಯದ ವೈಜ್ಞಾನಿಕ ಸಂಶೋಧನಾ ಪ್ರಕಟಣೆಗಳನ್ನು ಕುರಿತು ಎರಡು ದಿನ ಚರ್ಚೆ ನಡೆಯಲಿದೆ. ಪ್ರಕಟಣೆಗಳ ಲೆಕ್ಕ ಹಾಕುವ ಶಾಸ್ತ್ರ ನನ್ನದಲ್ಲ. ನಾನು ಪ್ರಾಣಿಶಾಸ್ತ್ರದವನು, ಫಾರ್ಮಾಲಿನ್ ವಾಸನೆಯಲ್ಲೇ ಕೂದಲು ಬೆಳ್ಳಗಾದವನು. ಆದರೂ ಕರೆದಿದ್ದೀರಿ. ವಯಸ್ಸಾದವರ ಕೈಗೆ ಮೈಕು ಕೊಟ್ಟರೆ ಹಳೆಯ ತಕರಾರು ಹೊರಬರುತ್ತದೆ ಎಂಬುದು ಸಂಘಟಕರಿಗೆ ಗೊತ್ತಿದ್ದೇ ಇರಬೇಕು.

ಸಂಕಿರಣದ ಪ್ರಬಂಧಗಳ ಸಾರಾಂಶವನ್ನು ನಿನ್ನೆ ರಾತ್ರಿ ಓದಿದೆ. ಯಾವ ವಿಭಾಗದಿಂದ ಎಷ್ಟು ಪ್ರಬಂಧ, ಯಾರಿಗೆ ಎಷ್ಟು ಉಲ್ಲೇಖ, ಯಾವ ದೇಶದವರ ಜೊತೆ ಸಹಲೇಖಕತ್ವ, ಎಲ್ಲವನ್ನೂ ಗ್ರಂಥಾಲಯ ವಿಜ್ಞಾನದ ಗೆಳೆಯರು ಶ್ರಮಪಟ್ಟು ಮಾಡಿದ್ದಾರೆ. ಅವರ ಲೆಕ್ಕದಲ್ಲಿ ತಪ್ಪು ಹುಡುಕಲು ನಾನು ಬಂದಿಲ್ಲ. ಯುಜೀನ್ ಗಾರ್ಫೀಲ್ಡ್ 1964ರಲ್ಲಿ ಸೈನ್ಸ್ ಸೈಟೇಷನ್ ಇಂಡೆಕ್ಸ್ ಹೊರತಂದದ್ದು ಪ್ರಬಂಧಗಳನ್ನು ಹುಡುಕಲು ದಾರಿಯಾಗಲಿ ಎಂದು. ಅದು ಮನುಷ್ಯರನ್ನು ತೂಗುವ ತಕ್ಕಡಿಯಾದದ್ದು ಆಮೇಲೆ. ನಮ್ಮಲ್ಲಿ ಅಧ್ಯಾಪಕರ ನೇಮಕ, ಬಡ್ತಿಗೆ 2010ರ ಎಪಿಐ ಅಂಕಗಳು ಬಂದವು, ಅಂಕಕ್ಕೆ ಬೇಕಾದ ಪತ್ರಿಕೆಗಳು ಅಣಬೆಯ ಹಾಗೆ ಎದ್ದವು, 2018ರಲ್ಲಿ ಯುಜಿಸಿ ತನ್ನ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಒಂದೇ ಏಟಿಗೆ ಕಿತ್ತು ಹಾಕಿತು. ಈ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಇದನ್ನು ಬೈಯುವುದು ಈಗ ಫ್ಯಾಷನ್ನೂ ಆಗಿದೆ, ಬಿಡೋಣ.

ನನ್ನ ತಕರಾರು ಇದಕ್ಕಿಂತ ಹಳೆಯದು. ಪ್ರಬಂಧವೇ ಸಂಶೋಧನೆಯ ಫಲ ಎಂದು ನಾವು ಯಾವತ್ತು ಒಪ್ಪಿಕೊಂಡೆವೋ ಅವತ್ತೇ ದಾರಿ ತಪ್ಪಿದೆವು. ಪ್ರಬಂಧ ಯಾವುದರ ಮೇಲೆ ನಿಂತಿದೆಯೋ ಅದನ್ನು ಇಟ್ಟುಕೊಳ್ಳುವ ಜವಾಬ್ದಾರಿಯನ್ನು ಯಾರೂ ಹೊರಲಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಬೆಂಗಳೂರಿನ ಸೆಂಟ್ರಲ್ ಕಾಲೇಜು ಆಗ ನಮ್ಮ ವಿಶ್ವವಿದ್ಯಾನಿಲಯದ್ದೇ. ಅಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದವರು ಸಿ.ಆರ್. ನಾರಾಯಣರಾಯರು. 1932ರಲ್ಲಿ ‘ಕರೆಂಟ್ ಸೈನ್ಸ್’ ಶುರುವಾದಾಗ ಮೊದಲ ಸಂಪಾದಕರೂ ಅವರೇ. ಪಶ್ಚಿಮ ಘಟ್ಟದ ಕಪ್ಪೆಗಳೆಂದರೆ ಅವರಿಗೆ ಪ್ರಾಣ. 1937ರಲ್ಲಿ ಅವರು ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ಸಿನ ಪ್ರೊಸೀಡಿಂಗ್ಸ್‌ನಲ್ಲಿ ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು ವರ್ಣಿಸಿದರು. ಅವುಗಳಲ್ಲಿ ಒಂದು ಚಾರ್ಮಾಡಿ ಘಾಟಿಯ ನೆತ್ತಿಯ ಕೊಟ್ಟಿಗೆಹಾರದ ಹೆಸರನ್ನೇ ಹೊತ್ತಿದೆ. ಇವತ್ತು ಅಲ್ಲಿ ಬಸ್ಸಿಳಿದು ನೀರುದೋಸೆ ತಿನ್ನುವವರಲ್ಲಿ ಎಷ್ಟು ಜನಕ್ಕೆ ಆ ಊರಿನ ಹೆಸರು ಪ್ರಪಂಚದ ಉಭಯಚರಗಳ ಪಟ್ಟಿಯಲ್ಲಿದೆ ಎಂದು ಗೊತ್ತೋ ಕಾಣೆ.

ಹೊಸ ಪ್ರಭೇದಕ್ಕೆ ಹೆಸರಿಟ್ಟವನು ಆ ಹೆಸರನ್ನು ಒಂದು ನಿಜವಾದ ದೇಹಕ್ಕೆ ಕಟ್ಟಬೇಕು. ಅದನ್ನೇ ಟೈಪ್ ಸ್ಪೆಸಿಮನ್ ಎನ್ನುತ್ತೇವೆ. ನಾಳೆ ಯಾರಿಗಾದರೂ ಅನುಮಾನ ಬಂದರೆ ಜಾಡಿ ತೆರೆದು, ಕಾಲ್ಬೆರಳ ನಡುವಿನ ಪೊರೆ ನೋಡಿ, ಅಳತೆ ಹಿಡಿದು ಇತ್ಯರ್ಥ ಮಾಡಬಹುದು. ರಾಯರ ಜಾಡಿಗಳು ಕಾಲೇಜಿನಲ್ಲೇ ಇದ್ದವು. ಆಮೇಲೆ ಇಲ್ಲವಾದವು. ಕಳೆದುಹೋಗಿವೆ ಎಂದೇ ಇವತ್ತಿನ ಗ್ರಂಥಗಳು ಅವುಗಳ ಮುಂದೆ ಬರೆಯುತ್ತವೆ. ಕೊಟ್ಟಿಗೆಹಾರದ ಕಪ್ಪೆಯನ್ನು ಬಹುಕಾಲ ಪೊದೆಗಪ್ಪೆಗಳ ಗುಂಪಿನಲ್ಲಿಟ್ಟಿದ್ದರು. ಅದು ಹಳ್ಳದ ಬಂಡೆಯ ಮೇಲೆ ಕೂತು ಹಿಂಗಾಲು ಚಾಚಿ ಬೀಸುವ ಕುಣಿಯುವ ಕಪ್ಪೆಗಳ ಕುಲದ್ದು ಎಂದು ಈಚಿನ ವರ್ಷಗಳಲ್ಲಿ ಗೊತ್ತಾಯಿತು. ಜಾಡಿ ಇದ್ದಿದ್ದರೆ ಒಂದು ಮಧ್ಯಾಹ್ನದ ಕೆಲಸ. 2010ರಲ್ಲಿ ಪೊದೆಗಪ್ಪೆಗಳ ಒಂದು ಇಡೀ ಕುಲಕ್ಕೆ ರಾಯರ ನೆನಪಿನಲ್ಲಿ ‘ರಾವೋರ್ಕೆಸ್ಟಿಸ್’ ಎಂದು ಹೆಸರಿಟ್ಟರು. ಗೌರವ ಬಂತು, ಕಪ್ಪೆಗಳು ಬರಲಿಲ್ಲ.

ನಿಮ್ಮ ಲೆಕ್ಕದಲ್ಲಿ 1937ರ ಆ ಪ್ರಬಂಧ ಒಂದು. ಜಾಡಿ ಉಳಿದಿದ್ದರೂ ಒಂದೇ, ಉಳಿಯದಿದ್ದರೂ ಒಂದೇ!

ಹೀಗಾಗುವುದು ಹೇಗೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾವ ಕಾಲೇಜು ಎಂದು ಹೇಳುವುದಿಲ್ಲ. ಪರಿಶೀಲನಾ ತಂಡ ಬರುತ್ತದೆಂದು ಗೋಡೆಗೆ ಸುಣ್ಣಬಣ್ಣ ನಡೆದಿತ್ತು. ಮ್ಯೂಸಿಯಂ ಕೋಣೆ ಸ್ಮಾರ್ಟ್ ಕ್ಲಾಸ್ ಆಗಬೇಕಿತ್ತು. ಜಾಡಿಗಳನ್ನೆಲ್ಲ ವರಾಂಡದಲ್ಲಿ ಸಾಲಾಗಿಟ್ಟಿದ್ದರು. ಕೆಲವುಗಳಲ್ಲಿ ದ್ರವ ಆರಿ, ಒಳಗಿದ್ದದ್ದು ಒಣಗಿದ ಹುಣಸೆಹಣ್ಣಿನಂತಾಗಿತ್ತು. ಚೀಟಿಗಳ ಮೇಲಿನ ಶಾಯಿ ಮಾತ್ರ ಇನ್ನೂ ಓದುವ ಹಾಗಿತ್ತು, ಊರಿನ ಹೆಸರು, ತಿಂಗಳು, ಇಸವಿ. ಅಟೆಂಡರ್ ಡೆಡ್ ಸ್ಟಾಕ್ ರಿಜಿಸ್ಟರ್ ಹಿಡಿದು ಒಂದೊಂದನ್ನೇ ಕಂಡೆಮ್ ಮಾಡುತ್ತಿದ್ದ. ‘ಇದನ್ನೆಲ್ಲ ಯಾಕಪ್ಪ ಬಿಸಾಡ್ತೀಯ’ ಎಂದು ಕೇಳಿದೆ. ‘ಸಾರ್, ಬಾಟ್ಲಿ ಹರಾಜಿಗೆ ಹೋಗುತ್ತೆ, ಒಳಗಿರೋದಕ್ಕೆ ರೇಟಿಲ್ಲ’ ಎಂದ. ಅವನ ಮೇಲೆ ಸಿಟ್ಟು ಬರಲಿಲ್ಲ. ರಿಜಿಸ್ಟರಿನಲ್ಲಿ ಒಳಗಿರುವುದಕ್ಕೆ ಕಾಲಂ ಇರಲೇ ಇಲ್ಲ.

ಉಳಿಸಿಕೊಂಡದ್ದೂ ಇದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಇದೇ ಮಾನಸಗಂಗೋತ್ರಿಯ ಡ್ರಾಸೊಫಿಲಾ ಸ್ಟಾಕ್ ಸೆಂಟರನ್ನು ನೋಡದವರು ಮಧ್ಯಾಹ್ನದ ಊಟದ ವೇಳೆ ಹೋಗಿ ಬನ್ನಿ. ಗೋಧಿ ರವೆ, ಬೆಲ್ಲ, ಅಗರ್, ಬೂಸ್ಟು ಹಿಡಿಯದಿರಲು ಒಂದಿಷ್ಟು ಪ್ರೊಪಿಯಾನಿಕ್ ಆಮ್ಲ ಹಾಕಿ ಕುದಿಸಿದ ಆಹಾರ ಬಾಟಲಿಯ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಮೇಲೆ ಹತ್ತಿಯ ಬಿರಡೆ, ನಡುವೆ ನೊಣಗಳು. ಪ್ರೊ. ಎಚ್.ಎ. ರಂಗನಾಥ್ ಮತ್ತು ಅವರ ಬಳಗದವರು ಎಂಟು ವರ್ಣತಂತುಗಳ ನಾಸುಟಾ ನೊಣವನ್ನೂ ಆರು ವರ್ಣತಂತುಗಳ ಆಲ್ಬೊಮಿಕಾನ್ಸ್ ನೊಣವನ್ನೂ ಕೂಡಿಸಿ, ಆ ಮಿಶ್ರ ಸಂತಾನವನ್ನು ನೂರಾರು ತಲೆಮಾರು ಬಿಡದೆ ಸಾಕಿದರು. ಪ್ರಯೋಗಾಲಯದೊಳಗೇ ಹೊಸ ವರ್ಣತಂತು ವಿನ್ಯಾಸದ ವಂಶಗಳು ನೆಲೆನಿಂತವು. ಅವನ್ನು ಅವರು ‘ಸೈಟೋರೇಸ್’ ಎಂದು ಕರೆದರು. ಅದರ ಮೇಲಿನ ಪ್ರಬಂಧಗಳೆಲ್ಲ ನಿಮ್ಮ ಪಟ್ಟಿಯಲ್ಲಿವೆ. ದಸರಾ ರಜೆಯಲ್ಲೂ ಬಂದು ಹಳೆಯ ಬಾಟಲಿಯ ನೊಣವನ್ನು ಹೊಸ ಬಾಟಲಿಗೆ ವರ್ಗಾಯಿಸಿದ ಕೈಗಳು ಯಾವ ಪಟ್ಟಿಯಲ್ಲೂ ಇಲ್ಲ. ಒಂದೆರಡು ತಿಂಗಳು ಆ ಕೆಲಸ ನಿಂತಿದ್ದರೆ ವಂಶವೇ ಮುಗಿಯುತ್ತಿತ್ತು. ರಂಗನಾಥರು ಆಮೇಲೆ ನ್ಯಾಕ್ ನಿರ್ದೇಶಕರಾದರು. ವಿಶ್ವವಿದ್ಯಾನಿಲಯಗಳನ್ನು ಅಳೆಯುವ ಕುರ್ಚಿಗೆ ನೊಣ ಸಾಕಿದವರು ಹೋದದ್ದು ನನಗೆ ಇವತ್ತಿಗೂ ಸಮಾಧಾನದ ವಿಷಯ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ನೋಡಿದೆ, ಸಾರ್. ಗಣಿತದವರ ಮಾತೊಂದನ್ನು ಹೇಳಿ ಬೇಗ ಮುಂದೆ ಹೋಗುತ್ತೇನೆ.

‘ನಮಗೆ ಜಾಡಿಯೂ ಇಲ್ಲ, ನೊಣವೂ ಇಲ್ಲ’ ಎಂದು ಮುಂದಿನ ಸಾಲಿನಲ್ಲಿರುವ ಗಣಿತದ ಮೇಷ್ಟ್ರು ನಗುತ್ತಿದ್ದಾರೆ. ನಿಮಗೂ ಇದೆ, ಮೇಷ್ಟ್ರೇ. 1985ರಲ್ಲಿ ನಮ್ಮ ಅಡಿಗ, ಭಾರ್ಗವ ಇವರು ಬ್ರೂಸ್ ಬರ್ನ್ಟ್ ಜೊತೆ ರಾಮಾನುಜನ್ ಎರಡನೆಯ ನೋಟ್‌ಬುಕ್ಕಿನ 16ನೇ ಅಧ್ಯಾಯವನ್ನು ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಮೆಮಾಯರ್ ಆಗಿ ತಂದರು. ಒಬ್ಬರು ಬರೆದ ನೋಟ್‌ಬುಕ್ಕನ್ನು ಮತ್ತೊಬ್ಬರು ಎಸೆಯದೆ ಇಟ್ಟದ್ದರಿಂದ ಅದು ಸಾಧ್ಯವಾಯಿತು. ರಾಮಾನುಜನ್ನರ ‘ಕಳೆದ ನೋಟ್‌ಬುಕ್’ ಎಂದು ಕರೆಯುವ ಹಾಳೆಗಳು ಇಂಗ್ಲೆಂಡಿನ ಜಿ.ಎನ್. ವಾಟ್ಸನ್ ತೀರಿಕೊಂಡ ಮೇಲೆ ಅವರ ಕೋಣೆಯ ನೆಲದ ತುಂಬ ಹರಡಿದ್ದ ಕಾಗದಗಳ ನಡುವೆ ಇದ್ದವು. ಕೆಲವೇ ದಿನಗಳಲ್ಲಿ ಸುಡುವವರಿದ್ದರು. ಕೈ ಹಾಕಿದವರ ಕೈಗೆ ಅವು ಸಿಕ್ಕವು, 1968ರಲ್ಲಿ ಟ್ರಿನಿಟಿ ಕಾಲೇಜಿನ ಗ್ರಂಥಾಲಯ ಸೇರಿದವು, 1976ರಲ್ಲಿ ಗಣಿತಜ್ಞ ಜಾರ್ಜ್ ಆಂಡ್ರೂಸ್ ಕಣ್ಣಿಗೆ ಬಿದ್ದವು. ಇನ್ನು ಗಣಿತಜ್ಞ ಕೆ. ವೆಂಕಟಾಚಲಯ್ಯಂಗಾರರು. ರಾಮಾನುಜನ್ ದಾರಿಯಲ್ಲಿ ಎಲಿಪ್ಟಿಕ್ ಫಂಕ್ಷನ್‌ಗಳನ್ನು ಕಟ್ಟಿ ತೋರಿಸಿದ ಅವರ ಪುಸ್ತಕ 1988ರಲ್ಲಿ ಮಧುರೈ ಕಾಮರಾಜ್ ವಿಶ್ವವಿದ್ಯಾಲಯದ ಟೆಕ್ನಿಕಲ್ ರಿಪೋರ್ಟ್ ಆಗಿ ಬಂದದ್ದು. ಅಂತರರಾಷ್ಟ್ರೀಯ ಪ್ರಕಾಶಕರೊಬ್ಬರು ಅದನ್ನು ಮತ್ತೆ ಅಚ್ಚುಹಾಕಿದ್ದು 2012ರಲ್ಲಿ, ಅಯ್ಯಂಗಾರರು ತೀರಿಕೊಂಡು ಒಂಬತ್ತು ವರ್ಷವಾದ ಮೇಲೆ.

ಸಮಾಜವಿಜ್ಞಾನದವರಿಗೆ ನಾನು ಹೇಳಬೇಕಾದ್ದಿಲ್ಲ. ಮಹಾರಾಜ ಕಾಲೇಜಿನಲ್ಲಿ ಓದಿದ ಎಂ.ಎನ್. ಶ್ರೀನಿವಾಸರು ಮೈಸೂರು ಸೀಮೆಯ ಹಳ್ಳಿಯೊಂದರ ಬಗ್ಗೆ ಸಿದ್ಧಪಡಿಸಿಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಆಹುತಿಯಾದವು. ನೆನಪಿನಿಂದಲೇ ಪುಸ್ತಕ ಬರೆಯಲು ಎಲ್ಲರೂ ಶ್ರೀನಿವಾಸರಲ್ಲ.

ಈಗ ನನ್ನನ್ನು ಬಿಡದೆ ಕಾಡುವ ಪ್ರಶ್ನೆಗೆ ಬರುತ್ತೇನೆ. ಎಲ್ಲವನ್ನೂ ಇಡಲಾಗದು. ಕೋಣೆ ಸಾಲದು, ಆಳು ಸಾಲದು, ವಿದ್ಯುತ್ ಬಿಲ್ಲಿಗೂ ದುಡ್ಡು ಸಾಲದು. ಹಾಗಾದರೆ ಯಾವುದನ್ನು ಎಸೆಯಬೇಕೆಂದು ಹೇಳುವವರು ಯಾರು? ಸಂಶೋಧಕನನ್ನು ಕೇಳಿದರೆ ಒಂದನ್ನೂ ಬಿಡುವುದಿಲ್ಲ. ಆಡಳಿತವನ್ನು ಕೇಳಿದರೆ ಒಂದನ್ನೂ ಇಡುವುದಿಲ್ಲ. ಉಲ್ಲೇಖದ ಸಂಖ್ಯೆ ನೋಡಿ ತೀರ್ಮಾನಿಸೋಣ ಎಂದರೆ ನಾರಾಯಣರಾಯರ ಕಪ್ಪೆಯನ್ನು 1950ರಲ್ಲಿ ಯಾರು ಉಲ್ಲೇಖಿಸುತ್ತಿದ್ದರು? ಕಲ್ಲಿನ ಉದಾಹರಣೆಯನ್ನೂ ನೋಡಿ: ಪ್ರೊ. ಎಂ.ಎಚ್. ಕೃಷ್ಣ 1936ರಲ್ಲಿ ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತಂದರು. ಅದರ ಪಾಠ, ಕಾಲಗಳ ಬಗ್ಗೆ ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ. ಕಲ್ಲು ಉಳಿದಿರುವುದರಿಂದ ಆ ಜಗಳಕ್ಕೆ ಅರ್ಥವಿದೆ. ಕಲ್ಲನ್ನು ಇಟ್ಟುಕೊಳ್ಳಬೇಕು ಎಂದು ಎಲ್ಲರಿಗೂ ತೋಚುತ್ತದೆ. ಕ್ರಿಸ್ಟಲೋಗ್ರಫಿಯ ಕಚ್ಚಾ ದತ್ತಾಂಶದ ಹಾರ್ಡ್ ಡಿಸ್ಕನ್ನು, ಸಸ್ಯಶಾಸ್ತ್ರದ ಹರ್ಬೇರಿಯಂ ಹಾಳೆಯನ್ನು, ಭಾಷಾವಿಜ್ಞಾನದವರ ಹಳೆಯ ಟೇಪನ್ನು ಇಟ್ಟುಕೊಳ್ಳಬೇಕೆಂದು ಯಾರಿಗೆ ತೋಚುತ್ತದೆ? ನನ್ನ ಬಳಿ ಇದಕ್ಕೆ ಉತ್ತರವಿಲ್ಲ. ನೀವು ಎರಡು ದಿನ ಇರುತ್ತೀರಿ, ಜಗಳವಾಡಿ.

ಕುಲಪತಿಗಳಲ್ಲಿ ಮಾತ್ರ ಒಂದು ಮನವಿ. ಇದಕ್ಕೆ ಕಟ್ಟಡ ಬೇಡ, ಸಮಿತಿ ಬೇಡ. ಅಧ್ಯಾಪಕರು ನಿವೃತ್ತರಾಗುವ ದಿನ ನೋ ಡ್ಯೂ ಸರ್ಟಿಫಿಕೇಟಿಗೆ ಓಡಾಡುತ್ತಾರೆ. ಗ್ರಂಥಾಲಯದ ಪುಸ್ತಕ ಬಂತೇ, ಬೀರುವಿನ ಬೀಗದಕೈ ಬಂತೇ, ಕ್ವಾರ್ಟರ್ಸ್ ಖಾಲಿಯಾಯಿತೇ ಎಂದು ಕೇಳುತ್ತೇವೆ. ಆ ಅರ್ಜಿಗೆ ಇನ್ನೊಂದು ಸಾಲು ಸೇರಿಸಿ: ನಿಮ್ಮ ಪ್ರಬಂಧಗಳ ಮಾದರಿ, ನೋಟ್‌ಬುಕ್, ದತ್ತಾಂಶ ಎಲ್ಲಿದೆ, ಯಾರ ಸುಪರ್ದಿಗೆ ಕೊಟ್ಟಿರಿ? ಈ ಮಾರ್ಚಿಗೆ ನಿವೃತ್ತರಾಗುವವರಿಂದಲೇ ಶುರುಮಾಡಿ.