ಅರಸರ ಪಿಯಾನೋ, ಬೆಳಂಬಾರದ ಗುಮಟೆ

ಬೆಳಂಬಾರ, ಭಾವಿಕೇರಿ, ಹಾರವಾಡ, ಬೇಲೆಕೇರಿಗಳಿಂದ ಗದ್ದೆ, ದೋಣಿ ಬಿಟ್ಟು ಬಂದು ಕೂತಿರುವ ತಂದೆ ತಾಯಂದಿರೇ, ಪದವಿ ಪಡೆದ ಗೆಳೆಯ ಗೆಳತಿಯರೇ,

ನಿಮ್ಮ ಹಾಗೆಯೇ 1938ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಿಂದ ಒಬ್ಬ ತರುಣರು ಬಿ.ಎ. ಮುಗಿಸಿ ಹೊರಬಂದರು. ಹೆಸರು ಜಯಚಾಮರಾಜ ಒಡೆಯರ್. ಕಛೇರಿ ಕೊಡುವ ಪಿಯಾನೋ ವಾದಕರಾಗಬೇಕೆಂಬುದು ಅವರ ಆಸೆ. ಅರಮನೆಯ ಹವ್ಯಾಸ ಎಂದು ಇದನ್ನು ತಳ್ಳಿಹಾಕಬೇಡಿ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯನ್ನು ಅವರು ಗಳಿಸಿದ್ದರು.

ಪಿಯಾನೋ ಕಷ್ಟದ ವಾದ್ಯ. ನಮ್ಮ ಯಕ್ಷಗಾನದ ಹಾರ್ಮೋನಿಯಂನಲ್ಲಿ ತಿದಿ ಒತ್ತುವಷ್ಟು ಹೊತ್ತೂ ಸ್ವರ ನಿಲ್ಲುತ್ತದೆ. ಪಿಯಾನೋದಲ್ಲಿ ಮನೆ ಒತ್ತಿದರೆ ಒಳಗೊಂದು ಸುತ್ತಿಗೆ ತಂತಿಯನ್ನು ಬಡಿದು ಹಿಂದಕ್ಕೆ ಬೀಳುತ್ತದೆ. ಹುಟ್ಟಿದ ಕ್ಷಣದಿಂದಲೇ ಸ್ವರ ಸಾಯತೊಡಗುತ್ತದೆ. ಹಾಗೆ ಸಾಯುವ ಸ್ವರಗಳನ್ನು ಒಂದಕ್ಕೊಂದು ಹೆಣೆದು ಹಾಡಿದಂತೆ ಕೇಳಿಸಬೇಕು. ಅದಕ್ಕೆ ದಿನವಿಡೀ ಸಾಧನೆ ಬೇಕು.

ಆ ದಿನಗಳು ಅವರಿಗೆ ಸಿಗಲಿಲ್ಲ. 1940ರ ಮಾರ್ಚ್‌ನಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ತೀರಿಕೊಂಡರು, ಆಗಸ್ಟ್ 3ರಂದು ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್. 21ರ ಹರೆಯದಲ್ಲಿ ಸಿಂಹಾಸನ ಏರಬೇಕಾಯಿತು. ವೇದಿಕೆಯ ಆಸೆ ಅಲ್ಲಿಗೆ ಮುಗಿಯಿತು. ಆಮೇಲೆ ಅವರು ಮಾಡಿದ್ದೇನು ಎಂಬುದನ್ನು ಹೇಳಲಿಕ್ಕೆಂದೇ ನಾನು ಇಲ್ಲಿ ನಿಂತಿದ್ದೇನೆ.

ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಪಿಯಾನೋ ವಾದಕರಿದ್ದರು. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು. 1900ರಲ್ಲಿ ಅಲ್ಲಿನ ಸಂಗೀತ ವಿದ್ಯಾಲಯದಿಂದ ಚಿನ್ನದ ಪದಕದೊಂದಿಗೆ ಹೊರಬಂದಾಗ, ದೊಡ್ಡ ಕಛೇರಿಗಳ ಬದುಕು ಅವರಿಗಾಗಿ ಕಾದಿತ್ತು. ಮನೆಯವರ ಬೇಸರವನ್ನೂ ಲೆಕ್ಕಿಸದೆ ಅವರು ಅದನ್ನು ಬಿಟ್ಟು, ಕೃತಿ ರಚನೆಗೆ ಕೂತರು. ಪಿಯಾನೋ ಲೋಕದ ದೊರೆಯಂತಿದ್ದ ರಖ್ಮಾನಿನೋವ್ ಅವರ ಆಪ್ತ ಮಿತ್ರ. ಪಿಯಾನೋಗೂ ವಾದ್ಯವೃಂದಕ್ಕೂ ಬರೆದ ತಮ್ಮ ನಾಲ್ಕನೆಯ ಕನ್ಸರ್ಟೊವನ್ನು ಅವರು ಮೆಟ್ನರ್‌ಗೇ ಅರ್ಪಿಸಿದ್ದರು. ಆದರೂ ಮೆಟ್ನರ್ ಸಂಗೀತಕ್ಕೆ ಕೇಳುಗರು ಕಡಿಮೆ. 1921ರಲ್ಲಿ ದೇಶ ಬಿಟ್ಟು ಬರ್ಲಿನ್, ಫ್ರಾನ್ಸ್ ಸುತ್ತಿ ಲಂಡನ್ ಸೇರಿದರು. ಯುದ್ಧ ಬಂದು ಜರ್ಮನ್ ಪ್ರಕಾಶಕರ ಹಣವೂ ನಿಂತಿತು. 1942ರಲ್ಲಿ ಹೃದಯಾಘಾತ. ಎಡ್ನಾ ಐಲ್ಸ್ ಎಂಬ ವಾದಕಿಯ ಮನೆಯವರು ಆಸರೆ ಕೊಟ್ಟರು. ಮೂರನೆಯ ಕನ್ಸರ್ಟೊ ಮುಗಿದದ್ದು ಅಲ್ಲಿಯೇ.

ಆ ಸಂಗೀತ ಮೈಸೂರಿನ ತರುಣ ಅರಸರಿಗೆ ಕೇಳಿಸಿತ್ತು. ಯುದ್ಧ ಮುಗಿದ ಮೇಲೆ ಅವರು ತಮ್ಮ ಹಣದಿಂದ ಮೆಟ್ನರ್ ಸೊಸೈಟಿ ಸ್ಥಾಪಿಸಿದರು. ಎಚ್.ಎಂ.ವಿ. ಕಂಪನಿ ಧ್ವನಿಮುದ್ರಣ ಮಾಡಿತು. ಆಗಿನ ತಟ್ಟೆಯ ಒಂದು ಬದಿಗೆ ನಾಲ್ಕೈದು ನಿಮಿಷವೇ ಹೆಚ್ಚು. ಎದೆ ಸೋತ ಮುದುಕರು ಅರ್ಧ ಗಂಟೆಯ ಕೃತಿಯನ್ನು ತುಂಡು ತುಂಡಾಗಿ ನುಡಿಸಿ, ಮೂರೂ ಕನ್ಸರ್ಟೊಗಳನ್ನೂ ಎಷ್ಟೋ ಸೊನಾಟಾ, ಹಾಡುಗಳನ್ನೂ ತಮ್ಮ ಬೆರಳಿನಿಂದಲೇ ದಾಖಲಿಸಿ, 1951ರ ನವೆಂಬರಿನಲ್ಲಿ ಕಣ್ಮುಚ್ಚಿದರು. ಮೂರನೆಯ ಕನ್ಸರ್ಟೊ ಅರ್ಪಣೆಯಾಗಿರುವುದು ಮೈಸೂರು ಮಹಾರಾಜರಿಗೆ.

1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿಬಂದಾಗಲೂ ಹಣದ ಖಾತರಿ ಕೊಟ್ಟವರು ಒಡೆಯರೇ. ಸ್ಟ್ರಾಸ್ ಅದಾಗಲೇ ತೀರಿಕೊಂಡಿದ್ದರು. ಒಡೆಯರೂ ಸಭೆಯಲ್ಲಿರಲಿಲ್ಲ, ಧ್ವನಿಮುದ್ರಣವನ್ನು ಅವರಿಗಾಗಿ ಮೈಸೂರಿಗೆ ಕಳಿಸಬೇಕೆಂಬ ಏರ್ಪಾಡಿತ್ತು. ಅವರೇ ವೀಣೆಯನ್ನೂ ಹಿಡಿದವರು, ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದವರು. ಗಮಕಕ್ಕೆ ಎಡೆಯಿಲ್ಲದ ಪಿಯಾನೋ, ಗಮಕವೇ ಉಸಿರಾದ ವೀಣೆ, ಎರಡಕ್ಕೂ ಒಂದೇ ಕಿವಿ ಕೊಟ್ಟವರು ನಮ್ಮ ನಾಡಿನಲ್ಲಿ ಅಪರೂಪ.

ಅರಸರಲ್ಲಿ ಹಣವಿತ್ತು, ನಮ್ಮಲ್ಲೇನಿದೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಣಕ್ಕೆ ಮೊದಲು ಅವರು ಕೊಟ್ಟದ್ದು ಕಿವಿ. ಕಿವಿ ಕೊಡಲು ಅರಸರೇ ಆಗಬೇಕಿಲ್ಲ ಎಂಬುದಕ್ಕೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಸಾಕ್ಷಿಯಿದೆ. ಕುಮಟೆಯ ಎಲ್.ಆರ್. ಹೆಗಡೆ, ಹೊನ್ನಾವರದ ಎನ್.ಆರ್. ನಾಯಕ, ಶಾಂತಿ ನಾಯಕ ಅರಸು ಮನೆತನದವರಲ್ಲ, ಮೇಷ್ಟ್ರ ಸಂಬಳದ ಮೇಲೆ ಬದುಕಿದವರು. ಹಾಡುವವರ ಮುಂದೆ ಕೂತು ಕೇಳಿ, ಬರೆದುಕೊಂಡು ಜನಪದ ಹಾಡುಗಳನ್ನು ಉಳಿಸಿದರು. ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ಸುಕ್ರಜ್ಜಿ ಹೋದರು. ಅವರ ಜೊತೆ ಹೋದ ಹಾಡುಗಳನ್ನು ಇನ್ನು ಯಾರನ್ನು ಕೇಳೋಣ? ಇದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ನಿಮ್ಮಲ್ಲಿ ಕೆಲವರು ಬೆಂಗಳೂರಿಗೆ, ಗೋವೆಗೆ ಹೊರಟಿದ್ದೀರಿ. ಹೋಗಿ, ಚೆನ್ನಾಗಿ ದುಡಿಯಿರಿ. ಹೋಳಿಯ ಹೊತ್ತಿಗೆ ರಜೆ ಹಾಕಿ ಬನ್ನಿ. ಬೆಳಂಬಾರದ ಹಾಲಕ್ಕಿ ಒಕ್ಕಲಿಗರು ತಲೆಗೆ ತುರಾಯಿ ಕಟ್ಟಿ ಸುಗ್ಗಿ ಕುಣಿಯುವಾಗ, ಗುಮಟೆ ಎಂಬ ಮಣ್ಣಿನ ವಾದ್ಯ ಬಾರಿಸುವಾಗ, ಫೋನ್ ಹಿಡಿಯುವ ಮೊದಲು ಊರ ಗೌಡರನ್ನೂ ಹಾಡುವ ಅಜ್ಜಿಯನ್ನೂ ಒಂದು ಮಾತು ಕೇಳಿ. ಒಪ್ಪಿದರೆ ಹಾಡು ಮುಗಿಯುವವರೆಗೂ ಹಿಡಿದಿರಿ, ಅರ್ಧ ನಿಮಿಷಕ್ಕೆ ನಿಲ್ಲಿಸಬೇಡಿ. ಹಾಡಿದವರ ಹೆಸರು, ಊರು, ತಾರೀಖು, ಯಾರಿಂದ ಕಲಿತರು ಎಂಬುದನ್ನು ಅಲ್ಲೇ ಬರೆದುಕೊಳ್ಳಿ. ಒಂದು ಪ್ರತಿಯನ್ನು ಈ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ. ಅದನ್ನು ಜೋಪಾನ ಮಾಡಲು ಪ್ರಾಂಶುಪಾಲರು ಒಂದು ಕಪಾಟು, ಒಂದು ಕಂಪ್ಯೂಟರ್ ತೆಗೆದಿಡಬೇಕೆಂದು ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇನೆ.