ಮಳೆನೀರಿನ ಕೊಳೆ ಮತ್ತು ಕಂಪ್ಯೂಟರಿನ ಲೆಕ್ಕ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)



ಮೊದಲ ಮಳೆ ಬಿದ್ದಾಗ ರಸ್ತೆಯ ಮೇಲೆ ಹರಿಯುವ ನೀರನ್ನು ನೀವೆಲ್ಲ ನೋಡಿದ್ದೀರಿ. ಧೂಳು, ಮರಳು, ಟಯರಿನ ಪುಡಿ, ಎಣ್ಣೆ ಎಲ್ಲವೂ ಅದರಲ್ಲಿರುತ್ತವೆ. ಸತು, ತಾಮ್ರದಂತಹ ಲೋಹಗಳು ಸಣ್ಣ ಕಣಗಳಿಗೆ ಅಂಟಿಕೊಂಡು ಕೆರೆ, ಹೊಳೆ ಸೇರುತ್ತವೆ. ಇದನ್ನು ತಡೆಯಲು ಅಮೆರಿಕ, ಆಸ್ಟ್ರೇಲಿಯದ ಅನೇಕ ನಗರಗಳಲ್ಲಿ ಮಳೆನೀರಿನ ಕೊಳವೆಯ ದಾರಿಯಲ್ಲಿ, ನೆಲದೊಳಗೆ ಒಂದು ತೊಟ್ಟಿ ಕೂರಿಸುತ್ತಾರೆ. ನೀರು ಅದರೊಳಗೆ ಸುತ್ತಿ ನಿಧಾನವಾಗುತ್ತದೆ, ಕಣಗಳು ತಳ ಸೇರುತ್ತವೆ, ತಿಳಿಯಾದ ನೀರು ಮುಂದೆ ಹೋಗುತ್ತದೆ.

ಕೇಳಲು ಸುಲಭ. ಹಾಗಾದರೆ ಕಷ್ಟವೆಲ್ಲಿದೆ?

ಭೌತಶಾಸ್ತ್ರದಲ್ಲಿ ನೀವು ಓದುವ ಸ್ಟೋಕ್ಸ್ ನಿಯಮವನ್ನು ನೆನಪಿಸಿಕೊಳ್ಳಿ. ಸಣ್ಣ ಕಣ ಮುಳುಗುವ ವೇಗ ಅದರ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ನಿಂತ ನೀರಿನಲ್ಲಿ 100 ಮೈಕ್ರಾನಿನ ಮರಳಿನ ಕಣ ಒಂದು ಮೀಟರ್ ಇಳಿಯಲು ಸುಮಾರು 2 ನಿಮಿಷ ಸಾಕು. 10 ಮೈಕ್ರಾನಿನ ಕಣಕ್ಕೆ ಸುಮಾರು 3 ಗಂಟೆ ಬೇಕು. ಜೋರು ಮಳೆಯಲ್ಲಿ ನೀರು ತೊಟ್ಟಿಯೊಳಗೆ ಇರುವುದೇ ಕೆಲವು ನಿಮಿಷ!

ಇನ್ನೊಂದು ಕಷ್ಟವಿದೆ. ಹತ್ತು ಸಣ್ಣ ಮಳೆಯಲ್ಲಿ ಹಿಡಿದಿಟ್ಟ ಹೂಳನ್ನು ಒಂದು ದೊಡ್ಡ ಮಳೆ ಕಲಕಿ ಹೊರಗೆ ತಳ್ಳಬಹುದು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸೇಂಟ್ ಆಂಟನಿ ಫಾಲ್ಸ್ ಪ್ರಯೋಗಾಲಯದವರು ಇದನ್ನು ಪರೀಕ್ಷಿಸಿ ನೋಡಿದರು. ಅವರು ಕಂಡುಕೊಂಡ ಪರಿಹಾರ ಸರಳ: ನೀರು ನುಗ್ಗುವ ದಾರಿಗೆ ಅಡ್ಡವಾಗಿ ತೂತುಗಳಿರುವ ಒಂದು ತಗಡು. ನೀರಿನ ರಭಸ ಚದುರಿತು, ಹೂಳು ತಳದಲ್ಲೇ ಉಳಿಯಿತು.

ಇಂತಹ ತಗಡನ್ನು ಎಲ್ಲಿಡಬೇಕು, ಎಷ್ಟು ಎತ್ತರವಿರಬೇಕು? ಪ್ರತಿ ಪ್ರಶ್ನೆಗೂ ಹೊಸ ತೊಟ್ಟಿ ಕಟ್ಟಲು ಯಾರ ಕೈಯಲ್ಲೂ ಹಣವಿರುವುದಿಲ್ಲ. ಇಲ್ಲಿ ಕಂಪ್ಯೂಟರ್ ನೆರವಿಗೆ ಬರುತ್ತದೆ. ತೊಟ್ಟಿಯ ಚಿತ್ರವನ್ನು ಲಕ್ಷಾಂತರ ಸಣ್ಣ ಕೋಣೆಗಳಾಗಿ ವಿಂಗಡಿಸಿ, ಪ್ರತಿ ಕೋಣೆಯಲ್ಲಿ ನೀರಿನ ವೇಗ ಮತ್ತು ಒತ್ತಡವನ್ನು ನೇವಿಯರ್-ಸ್ಟೋಕ್ಸ್ ಸಮೀಕರಣಗಳಿಂದ ಲೆಕ್ಕ ಹಾಕುತ್ತಾರೆ. ಆಮೇಲೆ ಬೇರೆ ಬೇರೆ ಗಾತ್ರದ ಸಾವಿರಾರು ಕಣಗಳನ್ನು ಆ ಹರಿವಿನಲ್ಲಿ ಬಿಟ್ಟು, ಎಷ್ಟು ತಳ ಸೇರಿದವು, ಎಷ್ಟು ಹೊರಗೆ ಹೋದವು ಎಂದು ಎಣಿಸುತ್ತಾರೆ. ಒಳಬಂದ ನೀರು ಸುತ್ತದೆ ನೇರವಾಗಿ ಹೊರದಾರಿ ಹಿಡಿಯುತ್ತಿದ್ದರೆ ಪರದೆಯ ಮೇಲೆ ಕಾಣುತ್ತದೆ. ಕೊಳವೆಯ ಬಾಯನ್ನು ಸ್ವಲ್ಪ ಓರೆ ಮಾಡಿ, ತಗಡನ್ನು ಇಳಿಸಿ, ಮತ್ತೆ ನೋಡಬಹುದು.

ಆದರೆ ಒಂದು ಎಚ್ಚರಿಕೆಯ ಮಾತು. ಕಂಪ್ಯೂಟರಿಗೆ ಏನು ಕೊಟ್ಟರೂ ಅದು ಉತ್ತರ ಹೇಳುತ್ತದೆ, ಬಣ್ಣದ ಚಿತ್ರವನ್ನೂ ಕೊಡುತ್ತದೆ. ಎಲ್ಲ ಕಣಗಳೂ 100 ಮೈಕ್ರಾನಿನವು ಎಂದು ಬರೆದರೆ ತೊಟ್ಟಿಗೆ ಒಳ್ಳೆಯ ಅಂಕ ಬರುತ್ತದೆ. ವರದಿ ಚೆನ್ನಾಗಿರುತ್ತದೆ, ಸಣ್ಣ ಕಣಗಳು ಮಾತ್ರ ಲೋಹವನ್ನು ಹೊತ್ತು ಕೆರೆಗೆ ಹೋಗುತ್ತಲೇ ಇರುತ್ತವೆ. ಆದ್ದರಿಂದ ಪ್ರಾಮಾಣಿಕ ಎಂಜಿನಿಯರ್ ಮೂರು ಕೆಲಸ ಮಾಡುತ್ತಾನೆ. ಬೀದಿಯ ನೀರಿನ ಕಣಗಳನ್ನು ನಿಜವಾಗಿ ಅಳೆದು ಆ ಅಂಕಿಗಳನ್ನೇ ಕೊಡುತ್ತಾನೆ. ಕೋಣೆಗಳನ್ನು ಇನ್ನಷ್ಟು ಸಣ್ಣದು ಮಾಡಿದಾಗಲೂ ಉತ್ತರ ಬದಲಾಗುವುದಿಲ್ಲವೇ ಎಂದು ನೋಡುತ್ತಾನೆ. ಕೊನೆಗೆ ಒಂದು ನಿಜವಾದ ತೊಟ್ಟಿಯಿಂದ ಹೊರಬಂದ ನೀರಿನೊಡನೆ ತನ್ನ ಲೆಕ್ಕವನ್ನು ಹೋಲಿಸುತ್ತಾನೆ. ಫ್ಲಾರಿಡಾ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೀಗೆ ಲೆಕ್ಕವನ್ನೂ ಅಳತೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು.

ವಿದ್ಯಾರ್ಥಿಗಳೇ, ಇದು ನಮಗೆ ನಿಲುಕದ ವಿದ್ಯೆಯಲ್ಲ. ಈ ಲೆಕ್ಕ ಮಾಡುವ ಓಪನ್‌ಫೋಮ್ ಎಂಬ ತಂತ್ರಾಂಶ 2004ರಿಂದ ಉಚಿತವಾಗಿ ಸಿಗುತ್ತಿದೆ. ಬೇಕಾಗಿರುವುದು ಗಣಿತದ ತಳಹದಿ ಮತ್ತು ತಾಳ್ಮೆ.

ಪ್ರಾರಂಭವನ್ನು ಇನ್ನೂ ಸುಲಭವಾಗಿ ಮಾಡಬಹುದು. ಮುಂದಿನ ಮಳೆಗೆ ರಸ್ತೆಯ ನೀರನ್ನು ಒಂದು ಗಾಜಿನ ಬಾಟಲಿಯಲ್ಲಿ ಹಿಡಿದು, ಮುಚ್ಚಳ ಹಾಕಿ, ಕೈ ತೊಳೆದುಕೊಂಡು, ಬಾಟಲಿಯನ್ನು ಮೇಜಿನ ಮೇಲಿಡಿ. ಎರಡು ನಿಮಿಷದಲ್ಲಿ ತಳ ಸೇರಿದ್ದು ಎಷ್ಟು, ಬೆಳಿಗ್ಗೆಯೂ ತೇಲುತ್ತಿರುವುದು ಎಷ್ಟು ಎಂದು ಬರೆದಿಡಿ. ಕಂಪ್ಯೂಟರಿನ ಮುಂದೆ ಕೂರುವ ದಿನ ಆ ಚೀಟಿ ನಿಮ್ಮ ಕೈಯಲ್ಲಿರಲಿ.